ಯುದ್ಧವಿಮಾನಕ್ಕೆ ಅಡ್ಡ ಬಂದ ಗುಂಡಿ

ಗಡಿಯಾರ ರಿಪೇರಿ ನನ್ನ ಕಸುಬು. ಇಪ್ಪತ್ತೆಂಟು ವರ್ಷಗಳಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಲಕ್ಷಗಟ್ಟಲೆ ಬಿಚ್ಚಿದ್ದೇನೆ, ಒಂದನ್ನೂ ಕಳೆದಿಲ್ಲ. ಅಂಗಡಿಗೆ ಬಂದವರಿಗೆಲ್ಲ ಅವರು ಕೇಳದಿದ್ದರೂ ಇದನ್ನು ಹೇಳುವುದು ನನ್ನ ಅಭ್ಯಾಸ. ನನ್ನ ಭಾವಮೈದುನ, ಅಂದರೆ ಹೆಂಡತಿಯ ತಮ್ಮ, ವಾಯುಪಡೆಯ ನೆಲೆಯಲ್ಲಿ ಮೆಕ್ಯಾನಿಕ್. ಮನೆಯವರನ್ನು ಒಳಗೆ ಬಿಡುವುದು ವರ್ಷಕ್ಕೆ ಒಂದೇ ದಿನ. ಆ ದಿನಕ್ಕೆ ಅವನು ನಮ್ಮಿಬ್ಬರನ್ನೂ ಕರೆದಾಗ ನಾನು ಮನಸ್ಸಿನಲ್ಲೇ ಒಂದು ಮಹಾಸಂಕಲ್ಪ ಮಾಡಿದೆ: ಜಾಗ್ರತೆ ಎಂದರೆ ಏನೆಂದು ಈ ಮಿಲಿಟರಿಯವರಿಗೆ ಒಮ್ಮೆ ತೋರಿಸಿಯೇ ಬರಬೇಕು!

ಅದಕ್ಕೆಂದೇ ಹಳೆಯ ನೀಲಿ ಅಂಗಿಯನ್ನು ಹೊರತೆಗೆದೆ. ಐದು ವರ್ಷದ ಹಿಂದೆ ಹೊಲಿಸಿದ್ದು. ಅಂಗಿ ಹಾಗೇ ಇತ್ತು. ನಾನು ಹಾಗೇ ಇರಲಿಲ್ಲ. ಹೊಟ್ಟೆಯ ಮೇಲಿನ ಗುಂಡಿ ಹಾಕಲು ಉಸಿರನ್ನು ಒಳಗೆಳೆದುಕೊಂಡು ಗೋಡೆಗೆ ಒರಗಬೇಕಾಯಿತು.

"ಆ ಗುಂಡಿ ನಿಮ್ಮನ್ನ ಹಿಡ್ಕೊಂಡಿಲ್ಲ, ಗೋಗರೀತಾ ಇದೆ," ಎಂದಳು ಹೆಂಡತಿ. "ಬೇರೆ ಅಂಗಿ ಹಾಕ್ಕೊಳ್ಳಿ."

ವಿಮಾನದ ಪಕ್ಕ ನಿಂತರೆ ಇದೇ ಬಣ್ಣ ಒಪ್ಪುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದೆ.

ಮೂರು ಗೇಟು, ಮೂರು ತಪಾಸಣೆ ದಾಟಿ ವಿಮಾನ ನಿಲ್ಲಿಸುವ ಶೆಡ್ಡಿಗೆ ಹೋದೆವು. ನಮ್ಮ ಬೀದಿ ಪೂರ್ತಿ ಹಿಡಿಸುವಷ್ಟು ದೊಡ್ಡದು. ನೆಲ ಎಷ್ಟು ಶುಭ್ರವಾಗಿತ್ತೆಂದರೆ ನನ್ನ ಚಪ್ಪಲಿಗೇ ನಾಚಿಕೆಯಾಯಿತು. ನಡುವೆ ಒಂದೇ ಒಂದು ಯುದ್ಧವಿಮಾನ. ಅದರ ಪಕ್ಕ ಭಾವಮೈದುನನ ಮೇಲಧಿಕಾರಿ ನಿಂತಿದ್ದರು. ಕಡ್ಡಿಯಂಥ ಮನುಷ್ಯ, ಮೆತ್ತನೆಯ ದನಿ. ಕೈಕೆಳಗಿನ ಹುಡುಗರು ಅವರ ಬೆನ್ನ ಹಿಂದೆ ಅವರನ್ನು 'ಭೂತಗನ್ನಡಿ' ಎಂದು ಕರೆಯುತ್ತಾರಂತೆ.

ಪೈಲಟ್ ಕೂರುವ ಜಾಗಕ್ಕೆ ಹತ್ತುವವರು ಜೇಬಿನಲ್ಲಿರುವುದನ್ನೆಲ್ಲ ಒಂದು ತಟ್ಟೆಗೆ ಹಾಕಿ ಬರೆಸಬೇಕು. ಪೆನ್ನು, ಬಾಚಣಿಗೆ, ಬೀಗದ ಕೈ, ಕನ್ನಡಕದ ಡಬ್ಬಿ ಎಲ್ಲ ಹಾಕಿದೆ. ಭೂತಗನ್ನಡಿಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕೊನೆಗೆ ಇನ್ನೊಂದು ಸಾಲು ಸೇರಿಸಿದರು: ಅಂಗಿಯ ಗುಂಡಿ, ಏಳು.

ನನಗೆ ನಗು ತಡೆಯಲಾಗಲಿಲ್ಲ. ನನ್ನ ಇಪ್ಪತ್ತೆಂಟು ವರ್ಷದ ಚರಿತ್ರೆಯನ್ನು ಅವರಿಗೂ ಒಪ್ಪಿಸಿದೆ. ಅವರು "ಒಳ್ಳೇದು" ಎಂದಷ್ಟೇ ಹೇಳಿ, ಸಹಿ ಹಾಕಲು ಜಾಗ ತೋರಿಸಿದರು.

ಏಣಿ ಹತ್ತಿ ಕುಳಿತೆ. ಆ ಸೀಟು ನನ್ನ ಅಂಗಡಿಯ ಸ್ಟೂಲಿಗಿಂತ ಇಕ್ಕಟ್ಟು. ಕೆಳಗಿನಿಂದ ಹೆಂಡತಿ ಫೋನು ಎತ್ತಿ ಹಿಡಿದಳು. ಫೋಟೋಗೆಂದು ಎದೆಯುಬ್ಬಿಸಿದೆ. ಎದೆಯ ಜೊತೆಗೆ ಹೊಟ್ಟೆಯೂ ಉತ್ಸಾಹದಿಂದ ಉಬ್ಬಿತು. 'ಟಪ್' ಎಂದು ಸದ್ದಾಯಿತು. ಫೋಟೋ ತೆಗೆದ ಸದ್ದು ಅಂದುಕೊಂಡು ಇಳಿದು ಬಂದೆ.

ಭೂತಗನ್ನಡಿಯವರ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು. "ಆರು," ಎಂದರು.

ಆಮೇಲಿನದು ನನ್ನ ಕೈಯಲ್ಲಿರಲಿಲ್ಲ. ವಿಮಾನದ ಮೂತಿಗೆ 'ಹಾರಿಸಬಾರದು' ಎಂಬ ಕೆಂಪು ಪಟ್ಟಿ ಬಿತ್ತು. ನಿಮ್ಮ ಮೈಮೇಲೆಯೇ ಎಲ್ಲಾದರೂ ಇದೆಯೇ ನೋಡಿಕೊಳ್ಳಿ ಎಂದರು. ನನಗೆ ಅವಮಾನವಾಯಿತು. ಎರಡು ಸಲ ಅಂಗಿ ತಟ್ಟಿಕೊಂಡು, ನನ್ನ ಮೈಮೇಲಿದ್ದರೆ ನನಗೆ ಗೊತ್ತಾಗದೇ ಇರುತ್ತದೆಯೇ ಎಂದುಬಿಟ್ಟೆ. ಹೆಂಡತಿ ಸರಿಯಾಗಿ ನೋಡಿಕೊಳ್ಳಿ ಎಂದಳು. ಅವಳನ್ನು ಗದರಿದೆ. ಬೇಕಿದ್ದರೆ ಒಂದು ಡಜನ್ ಗುಂಡಿ ತಂದುಕೊಡುತ್ತೇನೆ, ಇದೊಂದನ್ನು ಬಿಟ್ಟುಬಿಡಿ ಎಂದು ಔದಾರ್ಯವನ್ನೂ ಮೆರೆದೆ.

ಭೂತಗನ್ನಡಿಯವರು ದೂರದಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ ಒಬ್ಬ ಯುವತಿಯನ್ನು ತೋರಿಸಿದರು. ಮೂರು ಗಂಟೆಗೆ ಇದೇ ವಿಮಾನ ಹಾರಿಸಬೇಕಾದ ಪೈಲಟ್.

"ಅವರು ಮೇಲೆ ತಲೆಕೆಳಗಾಗಿ ಹಾರೋವಾಗ ಆ ಗುಂಡಿ ಉರುಳಿ ಬಂದು ವಿಮಾನ ತಿರುಗಿಸೋ ಹಿಡಿಯ ಬುಡದಲ್ಲಿ ಸಿಕ್ಕಿಕೊಂಡ್ರೆ, ಹಿಡಿ ಅಲ್ಲಾಡಲ್ಲ," ಎಂದರು. "ಅವರು ಮತ್ತೆ ನೆಟ್ಟಗಾಗಲ್ಲ."

ನನ್ನ ಗುಂಡಿಯ ಜೊತೆ ಗುಂಡಿಗೆಯೂ ಜಾರಿತು.

ಎಂಟು ಜನ ಮೆಕ್ಯಾನಿಕ್‌ಗಳು ಬೂಟು ಬಿಚ್ಚಿ ಕೆಲಸಕ್ಕಿಳಿದರು. ಸೀಟನ್ನೇ ಸರಪಣಿ ಕಟ್ಟಿ ಮೇಲೆತ್ತಿದರು. ಟಾರ್ಚು, ಕನ್ನಡಿ, ಬ್ರಷ್ಷು. ನಮ್ಮ ಹಾಗೇ ನೋಡಲು ಬಂದು ಊಟಕ್ಕೆ ಹೊರಟಿದ್ದ ಬೇರೆ ಮನೆಯವರು ಸಾಲಾಗಿ ಬಗ್ಗಿ ನೆಲ ಹುಡುಕಿದರು. ಭಾವಮೈದುನ ಮಾತ್ರ ಬೆವರುತ್ತಾ ನನ್ನ ಬಳಿ ಬಂದ.

"ಭಾವ, ಇವತ್ತು ಈ ವಿಮಾನದ ಕಾಗದದಲ್ಲಿ ಇರೋದು ನನ್ನ ಸಹಿ," ಎಂದ. ಅಷ್ಟೇ ಹೇಳಿ ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಂದೂವರೆ ಗಂಟೆ ಕಳೆಯಿತು. ಬೆಂಚಿನ ಮೇಲೆ ಕುಸಿದು ಕುಳಿತಾಗ ಬೆಲ್ಟಿನ ಮೇಲೆ, ಹೊಟ್ಟೆಯ ಮಡಿಕೆಯಲ್ಲಿ, ಏನೋ ಚುಚ್ಚಿತು. ಮೆಲ್ಲಗೆ ಬೆರಳು ತೂರಿಸಿದೆ. ದುಂಡಗಿತ್ತು. ನಾಲ್ಕು ತೂತಿತ್ತು.

ಆಗಲೇ ಎದ್ದು ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಎಂಟು ಜನ ಬರಿಗಾಲಲ್ಲಿ ತೆವಳುತ್ತಿರುವಾಗ 'ಅಯ್ಯೋ, ಇಲ್ಲೇ ಇತ್ತು' ಎನ್ನಲು ಯಾವ ಮುಖ? ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು, ಬೇಸರ ಕಳೆಯುವವನ ಹಾಗೆ ಅಡ್ಡಾಡುತ್ತಾ ವಿಮಾನದ ಮುಂಚಕ್ರದ ಹತ್ತಿರ ಹೋದೆ. ಬಗ್ಗಿದೆ. "ಸಿಕ್ತು," ಎಂದೆ.

ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ತಟ್ಟಿತು! ಭಾವಮೈದುನ ಓಡಿ ಬಂದು ತಬ್ಬಿಕೊಂಡ. ಗಡಿಯಾರದವನ ಕಣ್ಣೆಂದರೆ ಹೀಗಿರುತ್ತದೆ ಎಂದು ನಾನು ಪುಟ್ಟ ಭಾಷಣವನ್ನೂ ಮಾಡಿದೆ. ಚಪ್ಪಾಳೆ ತಟ್ಟದವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ. ಇನ್ನೊಬ್ಬರು ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದರು.

"ನೆಲ ತಣ್ಣಗಿದೆ," ಎಂದರು ಭೂತಗನ್ನಡಿಯವರು. "ಗುಂಡಿ ಬೆಚ್ಚಗಿದೆ." ಮೂಗಿನ ಹತ್ತಿರ ಹಿಡಿದರು. "ಮೈಗೆ ಪೌಡರ್ ಹಾಕ್ತೀರಾ?"

ಚಪ್ಪಾಳೆ ನಿಂತಿತು. ಗುಂಡಿ ನಿಜವಾಗಿ ಎಲ್ಲಿತ್ತು ಎಂದು ತಿಳಿಯದೆ ವಿಮಾನ ಬಿಡುವಂತಿಲ್ಲ ಎಂದರು ಅವರು. ನಾನು ಪೈಲಟ್ ಕಡೆ ನೋಡಿದೆ. ಆಕೆಯೂ ನನ್ನನ್ನೇ ನೋಡುತ್ತಿದ್ದಳು, ಕೋಪವಿಲ್ಲದೆ, ಸುಮ್ಮನೆ ಉತ್ತರಕ್ಕೆ ಕಾಯುತ್ತಾ. ಆ ಕಣ್ಣಿನ ಮುಂದೆ ಸುಳ್ಳು ನಿಲ್ಲಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಕೈಮುಗಿದು, "ತಪ್ಪಾಯ್ತು ಸರ್, ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ," ಎಂದೆ.

"ಅದನ್ನ ನೀವು ಆಗಲೇ ಮಾಡಿದ್ರಲ್ಲ," ಎಂದರು ಭೂತಗನ್ನಡಿಯವರು.

ಮೊದಲು ನಕ್ಕಿದ್ದು ಪೈಲಟ್. ಆಮೇಲೆ ಬೂಟಿಲ್ಲದ ಎಂಟು ಜನ. ಕೊನೆಗೆ ಭಾವಮೈದುನನೂ ನೆಲದ ಮೇಲೇ ಕುಳಿತು ನಕ್ಕ. ರಿಜಿಸ್ಟರಿನಲ್ಲಿ 'ವಸ್ತು ದೊರೆತ ಸ್ಥಳ' ಎಂಬ ಕಡೆ ನನ್ನ ಕೈಯಿಂದಲೇ ಬರೆಸಿದರು. ತೋಡಿದ ಗುಂಡಿಗೆ ಬಿದ್ದವರುಂಟು. ತೊಟ್ಟ ಗುಂಡಿಗೆ ಬಿದ್ದವನು ನಾನೊಬ್ಬನೇ ಇರಬೇಕು. ಸೀಟು ಮತ್ತೆ ಕೂರಿಸಿ, ಎಲ್ಲ ಪರೀಕ್ಷಿಸುವ ಹೊತ್ತಿಗೆ ಐದಾಯಿತು. ವಿಮಾನ ನಮ್ಮ ತಲೆಯ ಮೇಲೆ ಒಂದು ಸುತ್ತು ತಲೆಕೆಳಗಾಗಿ ಹಾರಿ, ನೆಟ್ಟಗಾಗಿ ಹೋಯಿತು. ಅದು ನೆಟ್ಟಗಾಗುವ ತನಕ ನಾನು ಉಸಿರು ಬಿಡಲಿಲ್ಲ.

ಹದಿನೈದು ದಿನದ ಮೇಲೆ ಭಾವಮೈದುನ ಫೋನು ಮಾಡಿದ. ಅವನ ಮೇಲೆ ಯಾವ ಕ್ರಮವೂ ಆಗಲಿಲ್ಲವಂತೆ. ಆದರೆ ನೋಡಲು ಬರುವವರು ತುಂಬುವ ಫಾರಂ ಹೊಸದಾಗಿ ಅಚ್ಚಾಗಿದೆಯಂತೆ. ಅದರಲ್ಲೊಂದು ಹೊಸ ಸಾಲು: 'ಹೊಟ್ಟೆಯ ಮಡಿಕೆ ಪರೀಕ್ಷಿಸಲಾಗಿದೆಯೇ? ಹೌದು / ಇಲ್ಲ.'

ನಾನು ಫೋನಿಟ್ಟು ತಲೆತಗ್ಗಿಸಿ ಕುಳಿತೆ. ಹೆಂಡತಿ ಪಕ್ಕಕ್ಕೆ ಬಂದು, ಬಹಳ ಮರುಕದಿಂದ ಬೆನ್ನು ಸವರಿದಳು.

"ಬೇಜಾರು ಮಾಡ್ಕೋಬೇಡಿ," ಎಂದಳು. "ವಾಯುಪಡೆಯ ಕಾನೂನು ತಿದ್ದಿಸಿದವರು ನಮ್ಮ ಎರಡೂ ಮನೆತನದಲ್ಲಿ ನೀವೊಬ್ಬರೇ."