ಅರ್ಧ ಕ್ಲಚ್ಚಿಲ್ಲದ ಕಾರು

ನನ್ನ ಎರಡು ಕಾಲುಗಳು ಒಂದೇ ಗಾತ್ರದವಲ್ಲ. ಇದನ್ನು ಮೊದಲು ಕಂಡುಹಿಡಿದವನು ಮಸ್ಕಿಯ ದರ್ಜಿ. ಪ್ಯಾಂಟಿಗೆ ಅಳತೆ ತೆಗೆಯುವಾಗ ಟೇಪನ್ನು ಎಡಗಾಲಿನ ಮೀನಖಂಡಕ್ಕೆ ಸುತ್ತಿದ, ಬಲಗಾಲಿಗೆ ಸುತ್ತಿದ, ನಂಬಿಕೆ ಬಾರದೆ ಮತ್ತೆ ಎಡಗಾಲಿಗೆ ಸುತ್ತಿದ. "ಡಾಕ್ಟ್ರ, ಈ ಕಾಲಿಗೆ ಬಾವು ಬಂದೈತೇನ್ರೀ?" ಎಂದು ಕೇಳಿದ. ಬಾವಲ್ಲ ಮಾರಾಯ, ಅದು ಕ್ಲಚ್ಚು ಎಂದೆ. ಅವನಿಗೆ ತಿಳಿಯಲಿಲ್ಲ. ದನದ ಡಾಕ್ಟರಿಗೆ ಕೊನೆಗೂ ದನದ ರೋಗವೇ ಅಂಟಿತು ಎಂದುಕೊಂಡಿರಬೇಕು. ಪ್ಯಾಂಟನ್ನು ಮಾತ್ರ ಎರಡೂ ಕಡೆ ಎಡಗಾಲಿನ ಅಳತೆಗೇ ಹೊಲಿದುಕೊಟ್ಟ. ಬಲಗಾಲು ಅದರೊಳಗೆ ದೊಡ್ಡ ಮನೆಯಲ್ಲಿ ಒಬ್ಬನೇ ಬಾಡಿಗೆಗಿದ್ದವನಂತೆ ಓಡಾಡಿಕೊಂಡಿತು.

ಒಬ್ಬನೇ ಬಾಡಿಗೆಗಿರುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ನಾನು ತುಮಕೂರಿನ ಕಡೆಯವನು. ಎಂಬತ್ತರ ದಶಕದಲ್ಲಿ ಪಶುವೈದ್ಯನಾಗಿ ಮಸ್ಕಿಗೆ ಬಂದೆ. ಮದುವೆಯ ವಯಸ್ಸು ಯಾವಾಗ ಬಂತು, ಯಾವಾಗ ಹೋಯಿತು ಎಂದು ನನಗೇ ತಿಳಿಯಲಿಲ್ಲ. ನನ್ನ ಬಾಗಿಲು ಬಡಿಯುವವರಿಗೇನೂ ಕಡಿಮೆಯಿರಲಿಲ್ಲ. ಆದರೆ ಎಲ್ಲರ ಹಿಂದೆಯೂ ಒಂದು ಎಮ್ಮೆ ಇರುತ್ತಿತ್ತು. ಎಮ್ಮೆ ಗುಣವಾದರೆ ಮಾತು ಮುಗಿಯಿತು. ಸತ್ತರಂತೂ ಮೊದಲೇ ಮುಗಿಯಿತು. ಇಡೀ ದಿನ ನಾಲ್ಕು ಕಾಲಿನವರ ಜೊತೆ ಕಳೆದು ಮನೆಗೆ ಬಂದರೆ, ಮಾತನಾಡಲು ಗೋಡೆಯ ಮೇಲಿನ ಹಲ್ಲಿ. ಅದಾದರೂ ನಾನು ಹೇಳಿದ್ದಕ್ಕೆಲ್ಲ ಲೊಚಗುಟ್ಟುತ್ತಿತ್ತು.

ಈ ಸೀಮೆಯಲ್ಲಿ ನಾನು ಕಂಡುಕೊಂಡ ಒಂದು ಸತ್ಯವೆಂದರೆ, ಗಾಡಿ ಇಟ್ಟುಕೊಂಡವನು ಒಂಟಿಯಾಗಿರುವುದಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಯಾವ ಗಾಡಿ ಹೊರಟರೂ ಅದು ಊರಿನ ಸೊತ್ತು. "ಎಲ್ಲಿ ಹೊಂಟೀರಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಬಾಗಿಲು ತೆಗೆದು ಕುಳಿತುಬಿಡುತ್ತಾರೆ. ಕುಳಿತಮೇಲೆ ಮಾತು, ಮಾತಿನ ಜೊತೆ ಸುಲಿದ ಶೇಂಗಾ. ಇದನ್ನು ನೋಡಿ ನೋಡಿ ಆಸೆಯಾಯಿತು. ಹೈದರಾಬಾದಿನಲ್ಲಿ ರ‍್ಯಾಲಿಗಳಿಗೆ ಕಾರು ಓಡಿಸುತ್ತಿದ್ದವನೊಬ್ಬ ಹವ್ಯಾಸ ಬಿಟ್ಟು ಕಾರು ಮಾರುತ್ತಿದ್ದಾನೆಂದು ಕೇಳಿ ಹೋದೆ. ಕೆಂಪು ಬಣ್ಣ, ಎರಡು ಬಾಗಿಲು, ಅಗಲ ಚಕ್ರ. ನಾನು ಎಂಜಿನ್ನು ನೋಡಲಿಲ್ಲ. ಹಿಂದಿನ ಸೀಟು ನೋಡಿದೆ. ಮೂರು ಜನ ಆರಾಮವಾಗಿ ಕೂಡಬಹುದಿತ್ತು.

ಅವನು ಹೇಳದೇ ಬಿಟ್ಟ ಸಂಗತಿಯೆಂದರೆ ಅದರ ಕ್ಲಚ್ಚು. ಮಾಮೂಲಿ ಕಾರಿಗೆ ಒಂದು ಕ್ಲಚ್ ಪ್ಲೇಟು ಇದ್ದರೆ, ಹೆಚ್ಚಿಸಿದ ಎಂಜಿನ್ನಿನ ಜೋರನ್ನು ತಡೆಯಲೆಂದು ಇದಕ್ಕೆ ಒಂದರ ಮೇಲೊಂದರಂತೆ ಮೂರು ಜೋಡಿಸಿದ್ದ. ಪೆಡಲು ಒತ್ತುವುದೆಂದರೆ ಬಾವಿಯ ಬಾಯಿಗೆ ಮುಚ್ಚಿದ ಚಪ್ಪಡಿ ಸರಿಸಿದ ಹಾಗೆ. ಒತ್ತಿ ಹಿಡಿದರೆ ಒಳಗಿನಿಂದ ಡಬ್ಬಿಯಲ್ಲಿ ಗುಂಡುಕಲ್ಲು ಅಲ್ಲಾಡಿಸಿದ ಸದ್ದು. ಬಿಟ್ಟರೆ ಕಾರು ಒಂದೋ ಎಗರುತ್ತಿತ್ತು, ಇಲ್ಲವೇ ಅಲ್ಲೇ ನಿಂತು ಸಾಯುತ್ತಿತ್ತು. ಅಶೋಕ ಚಕ್ರವರ್ತಿಯ ಶಾಸನವಿರುವ ಊರು ನಮ್ಮದು, ರಸ್ತೆಯೂ ಅದೇ ಕಾಲದ್ದು. ಅಂಥ ರಸ್ತೆಯಲ್ಲಿ ಎತ್ತಿನ ಗಾಡಿಯ ಹಿಂದೆ, ಗೊರೇಬಾಳದ ಭತ್ತ ತುಂಬಿದ ಟ್ರ್ಯಾಕ್ಟರಿನ ಹಿಂದೆ ತೆವಳಬೇಕಲ್ಲ! ಗುರುಗುಂಟಾದ ದಾರಿಯಲ್ಲಿ ಕುರಿಹಿಂಡು ಅಡ್ಡಬಂದರೆ ನಾನು ಎಂಜಿನ್ ಆರಿಸಿ ಕೈಕಟ್ಟಿ ಕೂತುಬಿಡುತ್ತಿದ್ದೆ. ಕುರಿಗಳು ದಾಟುವಾಗ ನನ್ನನ್ನು ನೋಡುವ ನೋಟದಲ್ಲಿ ಮರುಕವಿರುತ್ತಿತ್ತು.

ಬಾಗಿಲು ತೆಗೆದು ಕುಳಿತವರು ಮೊದಮೊದಲು ಬಹಳ ಜನ. ಎರಡನೆಯ ಸಲ ಕುಳಿತವರು ಯಾರೂ ಇಲ್ಲ. ಒಬ್ಬರು ಬಾಯಲ್ಲಿದ್ದ ಎಲೆಅಡಿಕೆಯನ್ನು ನುಂಗಿಬಿಟ್ಟರು. ಇನ್ನೊಬ್ಬರ ಟೋಪಿ ಹಿಂದಿನ ಗಾಜಿಗೆ ಹೋಗಿ ಬಡಿಯಿತು. ಆಮೇಲೆ ನಾನೇ ಗಾಡಿ ನಿಲ್ಲಿಸಿ ಕರೆದರೂ, "ಬ್ಯಾಡ್ರೀ ಡಾಕ್ಟ್ರ, ಸ್ವಲ್ಪ ಅರ್ಜಂಟ್ ಐತಿ, ನಡಕೊಂಡ ಹೋಗ್ತೀನಿ" ಎನ್ನತೊಡಗಿದರು. ಜನ ಸೇರಲೆಂದು ಕೊಂಡ ಕಾರಿನಲ್ಲಿ ಕೊನೆಗೆ ನಾನು ಮತ್ತು ನನ್ನ ಔಷಧದ ಪೆಟ್ಟಿಗೆ. ಪೆಟ್ಟಿಗೆಯೂ ಸೀಟು ಬಿಟ್ಟು ಕೆಳಗೆ ಕೂತಿರುತ್ತಿತ್ತು. ಸುಳ್ಳೇಕೆ ಹೇಳಲಿ, ಬಹಳ ಬೇಸರವಾಗುತ್ತಿತ್ತು.

ಸಿಂಧನೂರಿನ ಹುಸೇನಸಾಬ್ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಅವನು ಪೆಡಲು ಒತ್ತಿ ನೋಡಿ, ಇಳಿದು ಮೊಣಕಾಲು ತಿಕ್ಕಿಕೊಂಡ. "ಸಾಹೇಬ್ರ, ಇದು ರೇಸಿಗೆ ಬರೋಬ್ಬರಿ ಐತ್ರೀ. ಮಂದ್ಯಾಗ ಓಡ್ಸಾಕ ಅಲ್ಲ. ಇದಕ್ಕ ಅರ್ಧ ಕ್ಲಚ್ ಅನ್ನೋದ ಇಲ್ಲ. ಹಿಡದ್ರ ಪೂರಾ, ಬಿಟ್ರ ಪೂರಾ." ಮಾಮೂಲಿ ಕ್ಲಚ್ಚು ಕೂರಿಸಬಹುದಂತೆ, ಆದರೆ ಸಾಮಾನು ಹೈದರಾಬಾದಿನಿಂದ ಬರಬೇಕಂತೆ, ಹೇಳಿಕಳಿಸುತ್ತೇನೆ ಅಂದ. ದಾರಿಯುದ್ದಕ್ಕೂ ಅವನ ಮಾತೇ ತಲೆಯಲ್ಲಿ ಕೊರೆಯಿತು. ಅರ್ಧ ಕ್ಲಚ್ಚಿಲ್ಲದ್ದು ಕಾರಿಗೊಂದೇ ಅಲ್ಲ, ನನಗೂ! ಜವಳಿ ಅಂಗಡಿಯ ಅಮರಣ್ಣನವರನ್ನು ನೋಡಿ: ಗಲ್ಲಾಪೆಟ್ಟಿಗೆಯ ಮುಂದೆ ಕೂತು ದಾರಿಹೋಕರಿಗೆಲ್ಲ "ಬರ್ರೀ, ಕುಂದರ್ರೀ, ಮತ್ತೇನ್ ವಿಶೇಷ?" ಎನ್ನುತ್ತಾರೆ. ವಿಶೇಷವೇನೂ ಇರುವುದಿಲ್ಲ. ಆದರೂ ಅರ್ಧ ಗಂಟೆ ಹರಟೆ ಮೆಲ್ಲಗೆ ಸಾಗುತ್ತದೆ. ನನ್ನನ್ನು ಯಾರಾದರೂ "ಆರಾಮ ಅದೀರೇನ್ರೀ?" ಎಂದು ಕೇಳಿದರೆ, ನಾನು ಒಂದೋ "ಹೂಂ" ಎಂದು ಮುಂದೆ ಹೋಗುತ್ತೇನೆ, ಇಲ್ಲವೇ ಕಾಲುಬಾಯಿ ಜ್ವರದ ಲಕ್ಷಣಗಳನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸುತ್ತೇನೆ. ನಡುವಿನದು ನನಗೆ ಯಾರೂ ಕಲಿಸಲಿಲ್ಲ.

ಅಂಥ ಅಮರಣ್ಣನವರು ಒಂದು ದಿನ ನನ್ನ ಮನೆಗೇ ಬಂದರು. ನಾನು ಅಭ್ಯಾಸಬಲದಿಂದ, "ಏನಾಗಿದೆ? ಮೇವು ಬಿಟ್ಟಿದೆಯಾ?" ಎಂದುಬಿಟ್ಟೆ. "ನಮ್ಮ ಶರಣಂದು ಲಗ್ನ ಐತ್ರೀ" ಎಂದರು. ಮಗನ ಮದುವೆ. ಮದುಮಗನನ್ನು ಹನುಮಪ್ಪನ ಗುಡಿಯಿಂದ ಮದುವೆಯ ಹಂದರದವರೆಗೆ ಮೆರವಣಿಗೆಯಲ್ಲಿ ತರಲು ನನ್ನ ಕಾರೇ ಬೇಕು. "ಇಡೀ ಊರಿಗೆ ಕೆಂಪು ಕಾರು ನಿಮ್ಮದೊಂದ. ನೀವೂ ಮನಿಯವರಂಗ ಬರಬೇಕ್ರೀ." ಅಂಗಡಿ ಬಿಟ್ಟು ಕದಲದ ಮನುಷ್ಯ, ಕಾರಿನ ಬಣ್ಣ ಕಂಡಿದ್ದರೇ ಹೊರತು ಗುಣ ಕಂಡಿರಲಿಲ್ಲ. ಮೆರವಣಿಗೆಯೆಂದರೆ ಬ್ಯಾಂಡಿನ ಹಿಂದೆ ಹೆಜ್ಜೆ ಹೆಜ್ಜೆಗೆ ನಿಂತು ಸಾಗಬೇಕು. ನನ್ನ ಕಾರಿಗೆ ಬಾರದ ಕೆಲಸವೆಂದರೆ ಅದೊಂದೇ. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ 'ಮನಿಯವರಂಗ' ಎಂದುಬಿಟ್ಟಿದ್ದರಲ್ಲ! "ಆಯ್ತು" ಎಂದೆ. ಕಾರು ಕೈಕೊಟ್ಟರೆ, ಎಮ್ಮೆಯ ನೆಪವಿಲ್ಲದೆ ಒಬ್ಬರು ಬಡಿದ ಈ ಬಾಗಿಲನ್ನು ಹಾಗೆ ಮತ್ತೆ ಯಾರೂ ಬಡಿಯುವುದಿಲ್ಲವೆಂದು ಗೊತ್ತಿತ್ತು.

ಮದುವೆಯ ದಿನ ಕಾರಿಗೆ ಚೆಂಡುಹೂವಿನ ಮಾಲೆ ಹಾಕಿದರು. ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡ ಶರಣಪ್ಪ, ಪಕ್ಕದಲ್ಲಿ ತೊಡೆಯ ಮೇಲೆ ತುಂಬಿದ ಕಳಸ ಹಿಡಿದ ಸೋದರತ್ತೆ ನೀಲಮ್ಮ. ಬ್ಯಾಂಡು ಶುರುವಾಯಿತು. ನಾನು ದೇವರನ್ನು ನೆನೆದು ಎಡಗಾಲನ್ನು ಕೂದಲೆಳೆಯಷ್ಟು ಬಿಟ್ಟೆ. ಕಾರು ಒಂದು ಮಾರು ಎಗರಿ ನಿಂತಿತು. ಕಳಸದ ನೀರೆಲ್ಲ ನನ್ನ ಬೆನ್ನಿಗೆ. ಎರಡನೆಯ ಸಲ ಬಿಟ್ಟೆ. ದೊಡ್ಡ ಡೋಲಿನವನು ಡೋಲು ಸಮೇತ ಚರಂಡಿ ಹಾರಿದ. ಮೂರನೆಯ ಸಲ ಬಾಸಿಂಗ ಮದುಮಗನ ಕಿವಿಗೆ ಬಂದು ಕೂತಿತು, ಕಾರಿನಡಿಯಿಂದ ಸುಟ್ಟ ವಾಸನೆ ಎದ್ದಿತು. ಬ್ಯಾಂಡು ತಾನಾಗಿಯೇ ನಿಂತುಹೋಯಿತು. ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಇಳಿದು ಲಿಂಗಸುಗೂರಿನ ಕಡೆಗೆ ನಡೆದುಬಿಡೋಣವೆಂದು ಬಾಗಿಲಿಗೆ ಕೈಹಾಕಿದೆ.

"ಡಾಕ್ಟ್ರ, ಮೊದಲ ಅದನ್ನ ಬಂದ್ ಮಾಡ್ರೀ. ಹಂದರ ಮುಟ್ಟೂದ್ರಾಗ ಮದಿಮಗನ ಹಲ್ಲು ಉಳೀಲಿ" ಎಂದರು ನೀಲಮ್ಮ. ಆಮೇಲೆ ಮುಂದಿನ ಕಿಟಕಿಯತ್ತ ಬಗ್ಗಿ ಹುಡುಗರಿಗೆ, "ಏನ್ ನೋಡಾಕತ್ತೀರಲೇ? ನೂಕ್ರಿ!" ಎಂದು ಗದರಿದರು.

ನೂಕಿದರು. ಹುಡುಗರು, ಬೀಗರು, ಬ್ಯಾಂಡಿನವರಲ್ಲಿ ಕೈ ಖಾಲಿಯಿದ್ದವರು, ಕೊನೆಗೆ ಆ ಡೋಲಿನವನೂ. ಕಾರು ತೊಟ್ಟಿಲು ತೂಗಿದಷ್ಟು ಮೆತ್ತಗೆ ಹೊರಟಿತು. ಎಂಜಿನ್ ಆರಿದ್ದರೂ, ಗೇರು ಬಿಡಿಸಿದ್ದರೂ ನನ್ನ ಎಡಗಾಲು ಮಾತ್ರ ಕ್ಲಚ್ಚನ್ನು ಒತ್ತಿಯೇ ಹಿಡಿದಿತ್ತು. ಎಷ್ಟೋ ಹೊತ್ತಿನ ಮೇಲೆ ಅದು ತಿಳಿದು ಕಾಲು ತೆಗೆದೆ. ಅಮರಣ್ಣನವರು ನನ್ನ ಕಿಟಕಿಯ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆಯುತ್ತಿದ್ದರು. "ದಿನಾ ಊಟಕ್ಕ ಏನ್ ಮಾಡ್ತೀರಿ?" ಎಂದು ಕೇಳಿದರು. ಅನ್ನ, ಉಪ್ಪಿನಕಾಯಿ ಎಂದೆ. "ಅಯ್ಯ, ದಿನಾ ಅದನ್ನ?" ಎಂದರು. ಹಿಂದಿನಿಂದ ನೀಲಮ್ಮ, "ಮತ್ತ ನೀವ್ಯಾಕ ಲಗ್ನ ಆಗ್ಲಿಲ್ರೀ?" ಎಂದರು. ಈ ಪ್ರಶ್ನೆಗೆ ನಾನು ಯಾವಾಗಲೂ "ಹೂಂ" ಅನ್ನುವವನು. ಅಂದು ಅದೇನಾಯಿತೋ, "ಹೆಣ್ಣು ನೋಡುವುದಕ್ಕೆ ಜೊತೆಗೆ ಬರುವವರು ಯಾರೂ ಇರಲಿಲ್ಲಮ್ಮ" ಎಂದೆ. ಅವರು ಖಾಲಿ ಕಳಸವನ್ನು ಇನ್ನೊಂದು ತೊಡೆಗೆ ಸರಿಸಿ, "ನಾವೇನ್ ಸತ್ತೀವೇನು?" ಎಂದರು. ನಾನು ರಸ್ತೆ ನೋಡುವವನಂತೆ ಮುಂದೆ ನೋಡಿದೆ. ಆ ವಯಸ್ಸು ದಾಟಿತ್ತೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಹಂದರ ಇಷ್ಟು ಬೇಗ ಬಂದುಬಿಟ್ಟಿತಲ್ಲ ಎನ್ನಿಸಿತು.

ಗೋಧಿ ಹುಗ್ಗಿ ಉಂಡು ಮನೆಗೆ ಬಂದೆ. ಬೆಳಿಗ್ಗೆ ನೋಡಿದರೆ ಕಾರಿನ ಹಿಂಭಾಗದ ಧೂಳಿನ ತುಂಬ ಕೈಗಳ ಗುರುತು, ಒಂದರ ಮೇಲೊಂದು. ಬಹಳ ದಿನ ನಾನು ಕಾರು ತೊಳೆಯಲಿಲ್ಲ. ಮುಂದಿನ ಮದುವೆಗಳಿಗೂ ಕರೆ ಬರತೊಡಗಿತು. "ಕಾರ್ ತರ್ರೀ ಡಾಕ್ಟ್ರ, ಆದ್ರ ಚಾಲೂ ಮಾಡಬ್ಯಾಡ್ರೀ" ಎಂಬುದೊಂದೇ ಕರಾರು. ಆದರೆ ಲಗ್ನದ ದಿನಗಳು ವರ್ಷಕ್ಕೆ ಎಷ್ಟು? ಉಳಿದ ದಿನಗಳಲ್ಲಿ ಮತ್ತೆ ನಾನು, ಪೆಟ್ಟಿಗೆ, ಹಲ್ಲಿ.

ಅಷ್ಟರಲ್ಲಿ ಹುಸೇನಸಾಬ್ ಹೇಳಿಕಳಿಸಿದ, ಸಾಮಾನು ಬಂದಿದೆಯೆಂದು. ಹೋದೆ. ಅವನು ಹೊಸ ಕ್ಲಚ್ ಪ್ಲೇಟನ್ನು ಬಟ್ಟೆಯಿಂದ ಒರೆಸಿ ತೋರಿಸಿ, "ಇದು ಕುಂತ್ರ ಗಾಡಿ ಬೆಣ್ಣಿಯಂಗ ಹೋಗ್ತೈತ್ರೀ. ಯಾರೂ ಕೈ ಹಚ್ಚೂದ ಬ್ಯಾಡ" ಎಂದ. ಆ ಕೊನೆಯ ಮಾತು ಆಡದಿದ್ದರೆ ಹಾಕಿಸಿಬಿಡುತ್ತಿದ್ದೆನೋ ಏನೋ. ಈಗಿರುವುದೇ ಇರಲಿ ಬಿಡು ಎಂದೆ. ಅವನು ನನ್ನ ಮುಖ ನೋಡಿದ, ನನ್ನ ಎಡಗಾಲು ನೋಡಿದ, ಚಹಾ ತರಿಸಿದ.

ಈಗಲೂ ಅದೇ ಕಾರು, ಅದೇ ಕ್ಲಚ್ಚು. ಇಷ್ಟು ವರ್ಷದಲ್ಲಿ ನನ್ನ ಕಾಲು ಪಳಗಿದೆ. ಕುರಿಹಿಂಡಿನ ನಡುವೆಯೂ ಎಂಜಿನ್ ಆರುವುದಿಲ್ಲ. ಸಂಜೆ ಅಮರಣ್ಣನವರ ಅಂಗಡಿಯ ಮುಂದೆ ಬಂದಾಗ ಮಾತ್ರ ಅದೇಕೋ ಜರ್ಕು ಹೊಡೆದು ನಿಂತುಬಿಡುತ್ತದೆ. "ಮತ್ತ ಕೈಕೊಡ್ತೇನ್ರೀ ಡಾಕ್ಟ್ರ?" ಎನ್ನುತ್ತ ಕಟ್ಟೆಯ ಮೇಲಿನವರು ಇಳಿದು ಬರುತ್ತಾರೆ. ನಾನು ಕ್ಲಚ್ಚನ್ನು ಬಯ್ಯುತ್ತೇನೆ. ನಾಟಿಯ ದಿನಗಳಲ್ಲಿ ಎಲ್ಲರೂ ಗದ್ದೆಗೆ ಹೋಗಿರುತ್ತಾರೆ, ಅಂಗಡಿಯೂ ಬೇಗ ಮುಚ್ಚಿರುತ್ತದೆ. ಆಗಲೂ ಕಾರು ಅಲ್ಲೇ ನಿಲ್ಲುತ್ತದೆ. ಗಾಜು ಇಳಿಸಿ ಸ್ವಲ್ಪ ಹೊತ್ತು ಕಾಯುತ್ತೇನೆ. ಯಾರೂ ಬರದಿದ್ದರೆ, ನಾನೇ ಚಾಲೂ ಮಾಡಿಕೊಂಡು, ಒಂದಿಷ್ಟೂ ಎಗರಿಸದೆ, ಮೆಲ್ಲಗೆ ಮನೆಗೆ ಹೋಗುತ್ತೇನೆ.