ಬಿರುದಾವತಿಯಲ್ಲಿ ವಾಂತಿಭೇದಿ ನಿರ್ಮೂಲನೆಯಾದ ಬಗೆ

ಬಹುಕಾಲದ ಹಿಂದೆ, ಅಂದರೆ ಇವತ್ತು ಬರೆದರೆ ಯಾರೂ ಕೇಸು ಹಾಕಲಾರದಷ್ಟು ಹಿಂದೆ, ಬಿರುದಾವತಿ ಎಂಬ ರಾಜ್ಯವಿತ್ತು. ಶ್ರೀಮನ್ಮಹಾರಾಜ ವಿಕ್ರಾಂತಕೇಸರಿಯವರು ಅದನ್ನು ಆಳುತ್ತಿದ್ದರು. ರಾಜ್ಯಕ್ಕೆಲ್ಲ ಒಂದೇ ಆಸ್ಪತ್ರೆ, ಆ ಆಸ್ಪತ್ರೆಗೆ ಒಬ್ಬಳೇ ವೈದ್ಯೆ, ಬಾಳವ್ವ. ಅರವತ್ತು ದಾಟಿದ ಹೆಂಗಸು. ಮಾತು ಒರಟು, ಕೈ ಮೃದು.

ಒಂದು ಬೇಸಿಗೆಯಲ್ಲಿ ಮಹಾರಾಜರು ನೆರೆರಾಜ್ಯದ ಶೃಂಗಸಭೆಗೆ ಹೋಗಿದ್ದರು. ಅಲ್ಲಿನ ಅರಸ ಊಟಕ್ಕೆ ಕೂತಾಗ, "ಶಸ್ತ್ರಚಿಕಿತ್ಸೆ ಹುಟ್ಟಿದ್ದೇ ನಮ್ಮಲ್ಲಿ" ಎಂದುಬಿಟ್ಟ. ಮಹಾರಾಜರು ಅರ್ಧ ಊಟಕ್ಕೇ ಕೈ ತೊಳೆದರು. ಹಿಂದಿರುಗಿದವರೇ ಪರಂಪರಾ ಖಾತೆಯ ಮಂತ್ರಿ ಅನುಮೋದರಾಯರನ್ನು ಕರೆಸಿದರು.

"ಅಮಾತ್ಯರೇ, ವೈದ್ಯವಿದ್ಯೆ ಎಲ್ಲಿ ಹುಟ್ಟಿತು?"

"ಪ್ರಭುಗಳು ಎಲ್ಲಿ ಅಪ್ಪಣೆ ಕೊಡಿಸುತ್ತೀರೋ ಅಲ್ಲಿ."

"ಇಲ್ಲಿ."

"ಇಲ್ಲೇ ಹುಟ್ಟಿದೆ ಪ್ರಭು. ದಾಖಲೆ ಸಿಗುವುದಕ್ಕೆ ಮೂರು ತಿಂಗಳು ಕೊಡಿ."

ಉನ್ನತಾಧಿಕಾರ ಸಮಿತಿ ರಚನೆಯಾಯಿತು. ಎರಡೇ ತಿಂಗಳಲ್ಲಿ ದಾಖಲೆಗಳು ಸಿಕ್ಕವು, ಕೆಲವಕ್ಕೆ ಇನ್ನೂ ಶಾಯಿ ಆರಿರಲಿಲ್ಲ. ಮಹಾರಾಜರ ಪೂರ್ವಜರೊಬ್ಬರು ಪಟ್ಟದಾನೆಯ ಹರಿದ ಕಿವಿಯನ್ನು ಹೊಲಿದಿದ್ದರಿಂದ ಜಗತ್ತಿಗೆ ಶಸ್ತ್ರಚಿಕಿತ್ಸೆ ಬಂದಿತ್ತು. ಅದೇ ಪೂರ್ವಜರು ಊರ ನಡುವೆ ದೊಡ್ಡ ಕೆರೆ ಕಟ್ಟಿಸಿದ ಮುಹೂರ್ತದಿಂದಲೇ ವಾಂತಿಭೇದಿ ಎಂಬ ರೋಗ ರಾಜ್ಯದಿಂದ ಶಾಶ್ವತವಾಗಿ ನಿರ್ಮೂಲನೆಯಾಗಿತ್ತು. ಗ್ರಂಥ ಅಚ್ಚಾಯಿತು. ಮೊದಲ ಪ್ರತಿ ನೆರೆರಾಜ್ಯದ ಅರಸನಿಗೆ ಹೋಯಿತು.

ಗ್ರಂಥ ಬಿಡುಗಡೆಯಾದ ವಾರವೇ ಕೆರೆಯ ಸುತ್ತಲ ಓಣಿಗಳಲ್ಲಿ ವಾಂತಿಭೇದಿ ಶುರುವಾಯಿತು.

ಬಾಳವ್ವ ಒಂದು ತಂಬಿಗೆಯಲ್ಲಿ ಕೆರೆಯ ನೀರು ಹಿಡಿದುಕೊಂಡು ಆಸ್ಥಾನಕ್ಕೆ ಬಂದಳು. "ದೊರೀ, ಈ ನೀರಾಗ ಏನೋ ಐತ್ರಿ. ಕೆರಿ ನೀರು ಕುಡದವರಿಗಷ್ಟ ಬ್ಯಾನಿ ಬಂದೈತಿ. ಬಾವಿ ನೀರು ಕುಡಿಯೋರು ಆರಾಮ ಅದಾರ. ಕುದಿಸಿ ಕುಡೀರಂತ ಡಂಗುರ ಹೊಡಸ್ರಿ."

ಅನುಮೋದರಾಯರು ನಸುನಕ್ಕರು. "ತಮಗೆ ವೈದ್ಯದ ಇತಿಹಾಸ ಗೊತ್ತಿದೆಯೇ ತಾಯಿ?"

"ನಮ್ಮಾಯಿ, ನಮ್ಮವ್ವನ ಅವ್ವ, ಹೇಳಿದಷ್ಟು ಗೊತ್ತೈತ್ರಿ. ಆಕಿ ಕಾಲದಾಗ ಭೇದಿ ಆದವರಿಗೆ ನೀರ ಕೊಡ್ತಿದ್ದಿಲ್ಲ. ಹೊಟ್ಟಿ ಒಣಗಿಸಿದ್ರ ನಿಂದರ್ತೈತಿ ಅಂತ ತಿಳಿದಿದ್ರು. ಆಕಿ ಕೈಯಾಗ ಹನ್ನೊಂದು ಮಂದಿ ಸತ್ರು. ಹನ್ನೆರಡನೇದಾಕಿ ಕದ್ದು ನೀರು ಕುಡಿದು ಬದುಕಿದ್ಲು. ಅವತ್ತಿಂದ ನಮ್ಮಾಯಿ ನೀರು ಕೊಡಾಕ ಹತ್ತಿದ್ಲು. ಆ ಹನ್ನೊಂದು ಮಂದಿ ಹೆಸರು ನನಗ ಬಾಯಿಪಾಠ ಮಾಡಿಸ್ಯಾಳ. ಇಷ್ಟ ನೋಡ್ರಿ ನಮ್ಮ ಇತಿಹಾಸ."

ಸಭೆಯಲ್ಲಿದ್ದವರು ಮಹಾರಾಜರ ಮುಖ ನೋಡಿದರು.

"ಸತ್ತವರ ಹೆಸರು ಹೇಳುವುದು ನಕಾರಾತ್ಮಕ ಚಿಂತನೆ," ಎಂದರು ಅನುಮೋದರಾಯರು. ಸಭೆಗೆ ಉಸಿರು ಬಂತು.

ಅಂದೇ ರಾಜಶಾಸನ ಹೊರಬಿತ್ತು. ನಿರ್ಮೂಲನೆಯಾದ ರೋಗ ಯಾರಿಗೂ ಬರತಕ್ಕದ್ದಲ್ಲ. ಬಂದಂತೆ ಕಂಡುಬಂದಲ್ಲಿ ಅದನ್ನು 'ಪರಂಪರಾವಿರೋಧಿ ಉದರ ಚಟುವಟಿಕೆ' ಎಂದು ನಮೂದಿಸತಕ್ಕದ್ದು. ಕೆರೆಯ ನೀರನ್ನು ಕುದಿಸುವುದು ಪೂರ್ವಜರ ಮೇಲೆ ಅವಿಶ್ವಾಸ ನಿರ್ಣಯ ಮಂಡಿಸಿದಂತೆ. ಅಂಥವರ ಒಲೆಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು.

ಜನರಲ್ಲಿ ವಿಶ್ವಾಸ ಮೂಡಿಸಲು ಮಹಾರಾಜರು ಸ್ವತಃ ಕೆರೆಯ ಸೋಪಾನಕ್ಕೆ ಬಂದು, ಆಸ್ಥಾನ ಚಿತ್ರಕಾರನ ಎದುರು ಬೆಳ್ಳಿ ಲೋಟದಲ್ಲಿ ನೀರು ಕುಡಿದರು. ಚಿತ್ರ ಸರಿಯಾಗಿ ಬರಲಿಲ್ಲವೆಂದು ಮತ್ತೊಂದು ಲೋಟ ಕುಡಿದರು.

ಎರಡು ದಿನ ಕಳೆದ ಮೇಲೆ ಮಧ್ಯಾಹ್ನ ಬಾಳವ್ವನನ್ನು ಅರಮನೆಯ ಅಡುಗೆಮನೆ ಬಾಗಿಲಿನಿಂದ ಒಳಗೆ ಕರೆದೊಯ್ದರು. ಮಹಾರಾಜರ ಕಣ್ಣುಗಳು ಗುಳಿಬಿದ್ದಿದ್ದವು. ಅವಳು ಬಾವಿಯ ನೀರು ಕುದಿಸಿ, ಉಪ್ಪು ಬೆಲ್ಲ ಕದಡಿ, ಚಮಚ ಚಮಚವಾಗಿ ಬಾಯಿಗೆ ಬಿಟ್ಟಳು.

ಮಹಾರಾಜರು ಅವಳ ಕೈ ಹಿಡಿದುಕೊಂಡರು. ಬಾಯಲ್ಲಿ ಗ್ರಾಂಥಿಕ ಭಾಷೆ ಉಳಿದಿರಲಿಲ್ಲ. "ಅವ್ವಾ, ನಾನು ಸಾಯ್ತೀನಾ?"

"ಸುಮ್ಮನ ಕುಡೀರಿ. ಸಾಯೂದು ಆಮ್ಯಾಲೆ."

ಎರಡು ದಿನ ಅವಳು ಅಲ್ಲಿಂದ ಏಳಲಿಲ್ಲ. ಪರದೆಯಾಚೆ ಅನುಮೋದರಾಯರೂ ಏಳಲಿಲ್ಲ. ಗ್ರಂಥವನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದುತ್ತಿದ್ದರು. ಮೂರನೆಯ ದಿನ ಮಹಾರಾಜರು ಎದ್ದು ಕೂತರು.

"ಏನು ಬೇಕು ಕೇಳು," ಎಂದರು.

"ಕುದಿಸಬ್ಯಾಡ್ರಿ ಅಂದ ಆ ಆಜ್ಞಾ ತಗೀರಿ ದೊರೀ. ಮತ್ತೇನೂ ಬ್ಯಾಡ."

"ತೆಗೆದೆ," ಎಂದರು ಮಹಾರಾಜರು. ಅದನ್ನು ಅವರು ಮನಸಾರೆ ಹೇಳಿದರೆಂದು ನಾನು ನಂಬುತ್ತೇನೆ.

ಆದರೆ ಶಾಸನ ತೆಗೆಯಬೇಕಾದರೆ ಕಾರಣ ಬರೆಯಬೇಕು. ಅನುಮೋದರಾಯರು ಲೇಖನಿ ಹಿಡಿದು ವಿನಯದಿಂದ ಕೇಳಿದರು. "ಪ್ರಭುಗಳು ಯಾವ ರೋಗದಿಂದ ಗುಣಮುಖರಾದಿರಿ ಎಂದು ನಮೂದಿಸಲಿ? ವಾಂತಿಭೇದಿ ಎಂದರೆ ಗ್ರಂಥ ಸುಳ್ಳಾಗುತ್ತದೆ. ನೆರೆಯ ಅರಸರು ಈಗಾಗಲೇ ಅದನ್ನು ಓದಿದ್ದಾರೆ."

ಮಹಾರಾಜರು ಬಾಳವ್ವನ ಮುಖ ನೋಡಿದರು. ಆಮೇಲೆ ಕಿಟಕಿಯ ಹೊರಗೆ ನೋಡಿದರು.

"ಅಲ್ಪ ಆಯಾಸವಾಗಿತ್ತು," ಎಂದರು ಕೊನೆಗೆ. "ಗ್ರಂಥಶ್ರವಣದಿಂದ ಪರಿಹಾರವಾಯಿತು." ಶಾಸನ ಹಾಗೆಯೇ ಉಳಿಯಿತು.

ಇಂಥ ಮಹಿಮೆಯ ಗ್ರಂಥಕ್ಕೆ ತಕ್ಕ ಕಟ್ಟಡ ಬೇಕಿತ್ತು. ಆಸ್ಪತ್ರೆಯ ಮಂಚಗಳನ್ನು ತೆಗೆಸಿ ಅದನ್ನೇ 'ವೈದ್ಯ ಇತಿಹಾಸ ಭವನ' ಮಾಡಲಾಯಿತು. ಹೆರಿಗೆ ಕೋಣೆಯಲ್ಲಿ ಆನೆಯ ಕಿವಿಯ ಬೃಹತ್ ಮಾದರಿ ಎದ್ದಿತು. ಬಾಳವ್ವನಿಗೆ 'ಜೀವಂತ ಪರಂಪರೆ' ಎಂಬ ಗೌರವ ಕೊಟ್ಟು, ಗಾಜಿನ ಕೋಣೆಯಲ್ಲಿ ಖಲಬತ್ತಿನಲ್ಲಿ ಔಷಧಿ ಕುಟ್ಟುತ್ತ ಕೂರಲು ಆಹ್ವಾನಿಸಲಾಯಿತು. ಅವಳು ಒಪ್ಪಿದ್ದು ಕೇಳಿ ಎಲ್ಲರಿಗೂ ಆಶ್ಚರ್ಯ. ನೆರೆಮನೆಯವಳು ಕೇಳಿದ್ದಕ್ಕೆ, "ಜಡ್ಡಾದವರು ಹಳೇ ಬಾಗಲಕ್ಕ ಬರ್ತಾರವ್ವ. ನಾ ಅಲ್ಲೇ ಇರಬೇಕಲ್ಲ," ಎಂದಳಂತೆ. ಗಾಜಿನ ಬಾಗಿಲಿಗೆ ಹೊರಗಿನಿಂದ ಬೀಗವಿರುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಜಡ್ಡಾದವರು ಬಂದರು. ಮುಂಜಾನೆಯಿಂದ ಸಂಜೆಯವರೆಗೆ ಬಂದರು. ಸಾಲು ಕೆರೆಯ ಏರಿ ಮುಟ್ಟಿತು. ಜಗತ್ತಿನ ಯಾವ ವಸ್ತುಸಂಗ್ರಹಾಲಯಕ್ಕೂ ಇಷ್ಟು ಸಂದರ್ಶಕರಿಲ್ಲವೆಂದು ಪತ್ರಿಕಾ ಪ್ರಕಟಣೆ ಹೊರಬಿತ್ತು. ಆಸ್ಥಾನ ವಿದ್ವಾಂಸರು ಮಹಾರಾಜರಿಗೆ 'ವೈದ್ಯಚಕ್ರವರ್ತಿ' ಎಂಬ ಬಿರುದಿನ ಕಿರೀಟ ತೊಡಿಸುವುದೆಂದು ನಿಶ್ಚಯವಾಯಿತು.

ಕಿರೀಟಧಾರಣೆಯ ದಿನವೇ ಕಮ್ಮಾರ ಮಾನಪ್ಪ ತನ್ನ ಹೆಂಡತಿ ಕಾಳವ್ವನನ್ನು ಹೆಗಲ ಮೇಲೆ ಹೊತ್ತು ತಂದ. ಸಾಲು ಜರುಗಿ ಗಾಜಿನ ಮುಂದೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕಾಳವ್ವನ ಒಣಗಿ ಬಿರಿದ ತುಟಿ ನೋಡಿದ ಕೂಡಲೇ ಬಾಳವ್ವನಿಗೆ ತಿಳಿಯಿತು. ಖಲಬತ್ತು ಬಿಟ್ಟು ಎದ್ದಳು. ಗಾಜು ಬಡಿದಳು. ನೀರು ಕುಡಿಸು, ಕುದಿಸಿದ ನೀರು ಕುಡಿಸು ಎಂದು ಕೈಯಿಂದ, ಬಾಯಿಂದ ತೋರಿಸಿದಳು. ಗಾಜು ದಪ್ಪವಾಗಿತ್ತು. ಭವನ ನೋಡಲು ಬಂದಿದ್ದ ಅರಮನೆಯ ಅತಿಥಿಗಳು ಪ್ರಾತ್ಯಕ್ಷಿಕೆ ಶುರುವಾಯಿತೆಂದು ಚಪ್ಪಾಳೆ ತಟ್ಟಿದರು.

"ಮುಂದ ನಡೀಪಾ, ಹಿಂದ ಮಂದಿ ಐತಿ," ಎಂದ ಕಾವಲುಗಾರ.

ಮಾನಪ್ಪ ಮುಂದೆ ನಡೆದ. ಆನೆಯ ಕಿವಿ ದಾಟುವಾಗ ಹೆಗಲ ಮೇಲೆ ಕಾಳವ್ವನ ಉಸಿರು ನಿಂತು ಭಾರ ಬೇರೆಯಾದದ್ದು ಅವನಿಗೆ ಗೊತ್ತಾಯಿತು. ಆದರೂ ಇಳಿಸಲಿಲ್ಲ.

ಹೊರಬಾಗಿಲಲ್ಲಿ ಮೇಜಿನ ಹಿಂದೆ ಕೂತ ಗುಮಾಸ್ತ ಅಭಿಪ್ರಾಯ ಪುಸ್ತಕವನ್ನು ಅವನ ಮುಂದೆ ತಳ್ಳಿದ.

"ಎಷ್ಟು ಮಂದಿ?"

"ಇಬ್ರು ಬಂದಿದ್ವಿರಿ."

"ಇಬ್ಬರು," ಎಂದು ಗುಮಾಸ್ತ ಬರೆದುಕೊಂಡ. "ಅಭಿಪ್ರಾಯ?"

ಮಾನಪ್ಪ ಹೆಂಡತಿಯ ಸೆರಗು ಸರಿಪಡಿಸಿದ. ಗುಮಾಸ್ತ ಅವನ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ, ಪುಟಕ್ಕೆ ಒತ್ತಿ, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ತಾನೇ ತುಂಬಿದ: 'ಅತ್ಯುತ್ತಮ. ಕುಟುಂಬ ಸಮೇತ ನೋಡಬೇಕಾದ ಸ್ಥಳ.'