ಡಿಕ್ಕಿಯಲ್ಲಿದ್ದ ಸೈಕಲ್ಲು

ಭೂಮಿಯನ್ನು ಉಳಿಸಿಯೇ ಬಿಡುವುದೆಂದು ನಾನು ಒಂದು ಸೋಮವಾರ ಬೆಳಿಗ್ಗೆ ತೀರ್ಮಾನಿಸಿದೆ. ಹಿಂದಿನ ದಿನ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಕ್ಯಾಷಿಯರ್ ತಾನು ಬಟ್ಟೆಚೀಲ ಹಿಡಿದುಕೊಂಡ ಫೋಟೋ ಹಾಕಿ ಇಪ್ಪತ್ತೆರಡು ಹೆಬ್ಬೆರಳು ಗಿಟ್ಟಿಸಿದ್ದ. ಜುಜುಬಿ ಚೀಲಕ್ಕೆ ಇಪ್ಪತ್ತೆರಡು! ಇನ್ನು ನಾನು ಸೈಕಲ್ಲೇ ತುಳಿದರೆ?

ತುಳಿಯುವುದೇನೋ ಸರಿ, ಆಫೀಸು ಒಂಬತ್ತು ಕಿಲೋಮೀಟರು. ಆದ್ದರಿಂದ ಮಗಳ ಸೈಕಲ್ಲನ್ನು ಕಾರಿನ ಡಿಕ್ಕಿಗೆ ತುರುಕಿ, ಆಫೀಸಿನ ಹಿಂದಿನ ರಸ್ತೆಯಲ್ಲಿ ಇಳಿಸಿ, ಬೆವರಿನ ಬಾಬ್ತು ಮುಖಕ್ಕೆ ಒಂದಿಷ್ಟು ನೀರು ಚಿಮುಕಿಸಿಕೊಂಡು, ಗೇಟಿನವರೆಗೆ ಭರ್ಜರಿಯಾಗಿ ತುಳಿದೆ. ವಾಚ್‌ಮನ್ ಫೋಟೋ ತೆಗೆದ. ಐವತ್ತೊಂದು ಹೆಬ್ಬೆರಳು!

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಗುರುವಾರದ ಹೊತ್ತಿಗೆ ಕ್ಯಾಷಿಯರ್, ಟೈಪಿಸ್ಟ್, ಕಡೆಗೆ ಮೊಣಕಾಲು ನೋವಿನ ಸ್ಟೋರ್‌ಕೀಪರ್ ಕೂಡ ಸೈಕಲ್ಲಿನಲ್ಲಿ ಬಂದರು. ಪಾಪ, ನಿಜವಾಗಿಯೂ ಮನೆಯಿಂದ! ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು.

"ಎಲ್ಲಾ ನಿಮ್ಮಿಂದಾನೇ ಕಣ್ರೀ! ಇಷ್ಟೊಂದು ಸೈಕಲ್ ನಿಲ್ಸೋಕೆ ಜಾಗ ಬೇಕಲ್ಲ? ನಿಮ್ಮ ಕಾರಿನ ಜಾಗ ಹೇಗೂ ಖಾಲಿ. ಅಲ್ಲೇ ಸ್ಟ್ಯಾಂಡ್ ಹಾಕಿಸ್ಬಿಟ್ಟೆ!"

ಬಿಸಿ ತುಪ್ಪ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹಿಂದಿನ ರಸ್ತೆಯಲ್ಲೂ ಈಗ ಈ ಸೈಕಲ್ಲಿನವರದೇ ಓಡಾಟ, ಕಾರು ಬಚ್ಚಿಡಲು ಜಾಗವಿಲ್ಲ. ಮನೆಗೆ ಬಂದು ಹೆಂಡತಿಗೆ ಎಲ್ಲ ಒಪ್ಪಿಸಿದೆ. ಅವಳು ನಗಲಿಲ್ಲ.

"ಹನ್ನೊಂದು ವರ್ಷದಿಂದ ನಾನು ಕೆಲಸಕ್ಕೆ ಬಸ್ಸಲ್ಲೇ ಹೋಗ್ತಿದೀನಿ. ಯಾರಾದ್ರೂ ಭೇಷ್ ಅಂದ್ರಾ?"

"ಇಲ್ಲ ಕಣೇ."

"ನೀವಾದ್ರೂ?"

ನಾನು ಗೋಡೆಯಲ್ಲಿ ನೆಟ್ಟಗೇ ಇದ್ದ ಕ್ಯಾಲೆಂಡರನ್ನು ಇನ್ನಷ್ಟು ನೆಟ್ಟಗೆ ಮಾಡಿದೆ.

"ಕಾರಿನ ಕೀ ಕೊಡಿ ಇಲ್ಲಿ. ನಾಳೆಯಿಂದ ಕಾರು ನನಗೆ."

ಕೊಟ್ಟೆ. ಹೀಗೆ ರಸ್ತೆಯಲ್ಲಿ ಒಂದು ಕಾರು ಕಡಿಮೆಯಾಗಿ, ಅದೇ ಕಾರು ಹೆಚ್ಚಾಯಿತು.

ಮರುದಿನ ದೊಡ್ಡ ಏರಿನ ಅರ್ಧಕ್ಕೆ ನನ್ನ ಜೀವ ಬಾಯಿಗೆ ಬಂದಿತ್ತು. ಪಕ್ಕದಲ್ಲಿ ನನ್ನದೇ ಕಾರು ಬಂದು ನಿಂತಿತು. ಹೆಂಡತಿ ಗಾಜು ಇಳಿಸಿದಳು. "ಸಾಕು ಬನ್ನಿ, ಹತ್ತಿ."

ಎಂಥ ದೇವತೆ! ಮಾನ ಗೀನ ಬದಿಗಿಟ್ಟು ಬಾಗಿಲಿಗೆ ಕೈ ಹಾಕಿದೆ.

"ಬೇಡ ಮೇಡಂ, ಬೇಡ!" ಹಿಂದಿನ ಸೀಟಿನಿಂದ ಮ್ಯಾನೇಜರ್ ಕೂಗಿದರು. "ನಾನಂತೂ ಸೈಕಲ್ ಪಂಕ್ಚರಾಗಿ ದಾರೀಲಿ ನಿಂತಿದ್ದೆ, ನೀವು ಹತ್ತಿಸ್ಕೊಂಡ್ರಿ. ಇವರೂ ಹತ್ತಿದ್ರೆ ನಾಳೆ ಆಫೀಸಿಗಾಫೀಸೇ ಕಾರಿಗೆ ವಾಪಸ್! ರೀ, ನೀವು ತುಳೀರಿ, ನಾನು ವಿಡಿಯೋ ಮಾಡಿ ಗ್ರೂಪಿಗೆ ಹಾಕ್ತೀನಿ."

ಹೆಂಡತಿ ನನ್ನನ್ನೊಮ್ಮೆ, ಏರನ್ನೊಮ್ಮೆ ನೋಡಿ, ಕಾರನ್ನು ನಿಧಾನಕ್ಕೆ ಮುಂದೆ ಬಿಟ್ಟಳು.

ಹಿಂದಿನ ಕಿಟಕಿಯಿಂದ ಮ್ಯಾನೇಜರ್ ಮೊಬೈಲ್ ಹೊರಚಾಚಿದರು. "ಸ್ವಲ್ಪ ನಗ್ತಾ ತುಳೀರಿ!"